ಬೆರಳ ತುದಿಯ ಅಂಕಿಯನ್ನು ಎಷ್ಟು ನಂಬಬೇಕು?

2021ರ ಮೇ ತಿಂಗಳು. ಕೋವಿಡ್‌ನ ಎರಡನೆಯ ಅಲೆ. ನಮ್ಮ ತಾಯಿಯವರಿಗೂ ಜ್ವರ ಬಂದಿತ್ತು. ಔಷಧಿ ಅಂಗಡಿಯಿಂದ ತಂದ ಪಲ್ಸ್ ಆಕ್ಸಿಮೀಟರನ್ನು ಅವರ ಬೆರಳಿಗೆ ಸಿಕ್ಕಿಸಿದೆ. 84 ಎಂದು ತೋರಿಸಿತು. ನನ್ನ ಎದೆ ಧಸಕ್ಕೆಂದಿತು. ಅಮ್ಮ ಮಾತ್ರ ಆರಾಮವಾಗಿ ಮಾತನಾಡುತ್ತಿದ್ದರು. ಬೇಡವೆಂದರೂ ಕೇಳದೆ ಆಗತಾನೆ ತಣ್ಣೀರಿನಲ್ಲಿ ತಮ್ಮ ತಟ್ಟೆ ಲೋಟ ತೊಳೆದು ಬಂದಿದ್ದರು. ಕೈ ಉಜ್ಜಿ ಬೆಚ್ಚಗೆ ಮಾಡಿ, ಐದು ನಿಮಿಷ ಬಿಟ್ಟು ನೋಡಿದರೆ 96!

ಮೂರು ದಿನಗಳ ನಂತರ ಇದಕ್ಕೆ ತದ್ವಿರುದ್ಧ. ಯಂತ್ರ 95 ಎನ್ನುತ್ತಿತ್ತು. ಅಮ್ಮನಿಗೆ ಒಂದು ಮಾತು ಪೂರ್ತಿ ಹೇಳಲು ಉಸಿರು ಸಾಲುತ್ತಿರಲಿಲ್ಲ. ಫೋನಿನಲ್ಲಿ ವೈದ್ಯರು, "ಅಂಕಿ ಹಾಗಿರಲಿ, ಅವರನ್ನು ಕರೆದುಕೊಂಡು ಬನ್ನಿ" ಎಂದರು. ಆಸ್ಪತ್ರೆಯಲ್ಲಿ ಅಪಧಮನಿಯ ರಕ್ತ ಪರೀಕ್ಷಿಸಿದಾಗ ಆಮ್ಲಜನಕ ನಿಜಕ್ಕೂ ಕಡಿಮೆಯಾಗಿತ್ತು. ಅಮ್ಮ ಗುಣಮುಖರಾಗಿ ಮನೆಗೆ ಬಂದರು. ಆದರೆ ಒಂದೇ ಯಂತ್ರ ಒಮ್ಮೆ ವೃಥಾ ಹೆದರಿಸಿತ್ತು, ಇನ್ನೊಮ್ಮೆ ಸುಳ್ಳು ಧೈರ್ಯ ಕೊಟ್ಟಿತ್ತು. ಏಕೆ? ಇಂದು ಅದನ್ನೇ ನೋಡೋಣ.

ಶ್ವಾಸಕೋಶದಿಂದ ಅಂಗಾಂಗಗಳಿಗೆ ಆಮ್ಲಜನಕವನ್ನು ಹೊತ್ತೊಯ್ಯುವುದು ರಕ್ತದ ಹಿಮೋಗ್ಲೋಬಿನ್. ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟದ್ದು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಯಂತ್ರವು ಸುಮಾರು 660 ಮತ್ತು 940 ನ್ಯಾನೋಮೀಟರ್ ತರಂಗಾಂತರದ ಎರಡು ಬೆಳಕುಗಳನ್ನು ಬೆರಳಿನ ಮೂಲಕ ಹಾಯಿಸಿ, ಆಚೆ ಬದಿಗೆ ಎಷ್ಟೆಷ್ಟು ಬಂತೆಂದು ಅಳೆಯುತ್ತದೆ.

ಆದರೆ ಚರ್ಮ, ಮೂಳೆ, ಮಾಂಸ ಇವೂ ಬೆಳಕನ್ನು ತಡೆಯುತ್ತವಲ್ಲ? ಇದಕ್ಕೆ ದಾರಿ ಕಂಡವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. 1970ರ ದಶಕದ ಆರಂಭದಲ್ಲಿ ಅವರು ಹೃದಯದಿಂದ ಹೊರಬೀಳುವ ರಕ್ತದ ಪ್ರಮಾಣವನ್ನು ಬೆಳಕಿನಿಂದ ಅಳೆಯಲು ಹೊರಟಿದ್ದರು. ನಾಡಿಯ ಮಿಡಿತ ಅವರ ಲೆಕ್ಕವನ್ನು ಪದೇ ಪದೇ ಕೆಡಿಸುತ್ತಿತ್ತು. ದೂರದರ್ಶನದಲ್ಲಿ ನಾವು ಇಂಥದನ್ನು 'ಗದ್ದಲ' ಎಂದು ತೆಗೆದುಹಾಕಲು ಹೆಣಗುತ್ತೇವೆ. ಅವರು ಆ ಗದ್ದಲವನ್ನೇ ಹಿಡಿದುಕೊಂಡರು. ಮಿಡಿತದೊಡನೆ ಏರಿಳಿಯುವುದು ಅಪಧಮನಿಯ ರಕ್ತ ಮಾತ್ರ, ಉಳಿದದ್ದು ಸ್ಥಿರ. ಏರಿಳಿಯುವ ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು! 'ಪಲ್ಸ್' ಎಂಬ ಹೆಸರು ಬಂದದ್ದು ಹೀಗೆ.

ಯಂತ್ರದ ದೌರ್ಬಲ್ಯವೂ ಇಲ್ಲೇ ಇದೆ. ಕೈ ತಣ್ಣಗಿದ್ದರೆ ಬೆರಳಿಗೆ ರಕ್ತ ಸಾಲದು, ಮಿಡಿತ ಕ್ಷೀಣ. ಕೈ ನಡುಗಿದರೆ ಯಂತ್ರ ಅದನ್ನೇ ಮಿಡಿತವೆಂದು ತಿಳಿಯಬಹುದು. ಪ್ರಖರ ಬೆಳಕು, ಗಾಢ ಉಗುರು ಬಣ್ಣ, ದಟ್ಟವಾದ ಮದರಂಗಿ ಇವೂ ತೊಡಕು ಮಾಡಬಲ್ಲವು.

ಇನ್ನೊಂದು ಸಂಗತಿ. ಬೆಳಕಿನ ಅನುಪಾತದಿಂದ ಶೇಕಡಾವಾರು ಅಂಕಿ ಪಡೆಯಲು ಯಂತ್ರದೊಳಗೆ ಒಂದು ಕೋಷ್ಟಕವಿರುತ್ತದೆ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆ ಇರುವ ಗಾಳಿ ಕೊಟ್ಟು, ಅವರ ರಕ್ತ ಪರೀಕ್ಷೆಯೊಡನೆ ಹೋಲಿಸಿ ಅದನ್ನು ತಯಾರಿಸುತ್ತಾರೆ. ಹಾಗಾಗಿ ಅಂಕಿ ಒಂದು ಅಂದಾಜು. ಯಂತ್ರ 90 ತೋರಿಸಿದರೆ ನಿಜ 86 ಇರಬಹುದು, 94 ಇರಬಹುದು. ಮೈಬಣ್ಣವೂ ಲೆಕ್ಕಕ್ಕೆ ಬರುತ್ತದೆ. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಯಂತ್ರ 92ರಿಂದ 96 ತೋರಿಸುತ್ತಿದ್ದರೂ ರಕ್ತದಲ್ಲಿ 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಾಗಿದ್ದವು. ನಾನಾ ಮೈಬಣ್ಣದವರಿರುವ ನಮ್ಮ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ.

ಯಂತ್ರ ಸರಿಯಾಗಿದ್ದೂ ಮೋಸ ಹೋಗುವ ಎರಡು ಸಂದರ್ಭಗಳಿವೆ. ಮೊದಲನೆಯದು ರಕ್ತಹೀನತೆ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 14 ಗ್ರಾಂ ಇದ್ದವರಿಗೂ 7 ಗ್ರಾಂ ಇದ್ದವರಿಗೂ ಯಂತ್ರ 98 ಎಂದೇ ತೋರಿಸಬಹುದು. ಲೆಕ್ಕ ಹಾಕಿ ನೋಡಿ: ಒಬ್ಬರಿಗೆ ಸಿಗುವುದು 18.4 ಮಿಲಿಲೀಟರ್, ಇನ್ನೊಬ್ಬರಿಗೆ ಅದರ ಅರ್ಧ. ಬಸ್ಸುಗಳೆಲ್ಲ ಭರ್ತಿಯಾಗಿವೆ ಎಂದರೆ ಸಾಲದು, ಬಸ್ಸುಗಳೆಷ್ಟು ಎಂದೂ ಕೇಳಬೇಕು!

ಎರಡನೆಯದು ಕಾರ್ಬನ್ ಮಾನಾಕ್ಸೈಡ್. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿದಾಗ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಈ ಅನಿಲ ಸೇರಿಕೊಳ್ಳಬಹುದು. ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಸಾಮಾನ್ಯ ಆಕ್ಸಿಮೀಟರಿನ ಕಣ್ಣಿಗೆ ಇದೂ ಆಮ್ಲಜನಕದಂತೆಯೇ ಕಾಣುತ್ತದೆ. ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿದ್ದರೂ ಅಂಕಿ 98 ಇರಬಹುದು. ಅಂಥವರನ್ನು ತಕ್ಷಣ ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ.

ಹಾಗಾದರೆ ಬಳಸುವುದು ಹೇಗೆ? ಐದು ನಿಮಿಷ ವಿಶ್ರಾಂತಿ ಪಡೆಯಿರಿ. ಕೈ ಬೆಚ್ಚಗಿರಲಿ, ಉಗುರು ಬಣ್ಣ ತೆಗೆದಿರಲಿ. ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡಿಸದೆ ಇಡಿ. ಮೊದಲು ಮೂಡುವ ಅಂಕಿಯನ್ನು ಬಿಟ್ಟು, ಸ್ಥಿರವಾಗಿ ನಿಂತದ್ದನ್ನು ವೇಳೆಯೊಡನೆ ಬರೆದಿಡಿ. ಒಂದು ಅಂಕಿಗಿಂತ, ಅಂಕಿಗಳು ದಿನದಿಂದ ದಿನಕ್ಕೆ ಇಳಿಯುತ್ತಿವೆಯೇ ಎಂಬುದು ಮುಖ್ಯ. 94ಕ್ಕಿಂತ ಕೆಳಗೇ ನಿಂತರೆ ವೈದ್ಯರನ್ನು ಕೇಳಿ. ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ಎಷ್ಟಿರಬೇಕೆಂದು ಅವರ ವೈದ್ಯರೇ ಹೇಳುತ್ತಾರೆ. ಉಬ್ಬಸ, ಎದೆನೋವು, ಗೊಂದಲದ ಮಾತು, ನೀಲಿಗಟ್ಟಿದ ತುಟಿ ಕಂಡರೆ ಅಂಕಿ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ.

ಕೊನೆಗೆ ನಿಮಗೊಂದು ಪ್ರಯೋಗ. ಯಂತ್ರ ನಾಡಿಬಡಿತವನ್ನೂ ತೋರಿಸುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೈಯ ಮಣಿಕಟ್ಟಿನಲ್ಲಿ ನಾಡಿ ಹಿಡಿದು ಒಂದು ನಿಮಿಷ ಎಣಿಸಿ. ಎರಡೂ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ, ಮತ್ತೊಮ್ಮೆ ಅಳೆಯಿರಿ. ಅಂದು ನಾನು ಹೀಗೆ ಎಣಿಸಿದ್ದರೆ 84ಕ್ಕೆ ಅಷ್ಟು ಹೆದರುತ್ತಿರಲಿಲ್ಲ. 95ರ ದಿನ ಮಾತ್ರ ಎಣಿಕೆಯೂ ಸಾಲುತ್ತಿರಲಿಲ್ಲ. ಅಂದು ಅಮ್ಮನ ಮುಖ ನೋಡಬೇಕಾಗಿತ್ತು. ಅಂಕಿಯನ್ನು ನೋಡಿ, ಅದಕ್ಕೂ ಮೊದಲು ಮನುಷ್ಯರನ್ನು ನೋಡಿ.