ಲೋಹ ಬೇರೆ, ಕಾರು ಅದೇ



ಹಳೆಯ ಕಾರೊಂದನ್ನು ಮತ್ತೆ ಓಡುವಂತೆ ಮಾಡುವುದೂ ಒಂದು ಬಗೆಯ ಜೀರ್ಣೋದ್ಧಾರವೇ. ತುಕ್ಕು ಹಿಡಿದದ್ದನ್ನು ತೆಗೆಯಬೇಕು, ಸವೆದದ್ದನ್ನು ಬದಲಿಸಬೇಕು, ಮುರಿದದ್ದನ್ನು ಹೊಸದಾಗಿ ಮಾಡಿಸಬೇಕು. ಹೀಗೆ ಬದಲಿಸುತ್ತ ಹೋದಾಗ ಒಂದು ಪ್ರಶ್ನೆ ಏಳುತ್ತದೆ. ಎಷ್ಟು ಭಾಗ ಬದಲಾಗುವವರೆಗೆ ಅದು ಹಳೆಯ ಕಾರು? ಯಾವ ಘಟ್ಟ ದಾಟಿದ ಮೇಲೆ ಅದು ಬೇರೆಯೇ ಒಂದು ಕಾರು? 1990ರಲ್ಲಿ ಲಂಡನ್ನಿನ ಹೈಕೋರ್ಟ್ ಈ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಆಗ ಪಣದಲ್ಲಿದ್ದದ್ದು ಒಂದು ಕೋಟಿ ಪೌಂಡ್. ಕಟಕಟೆಯಲ್ಲಿದ್ದದ್ದು ‘ಓಲ್ಡ್ ನಂಬರ್ ಒನ್’ ಎಂಬ ಅಡ್ಡಹೆಸರಿನ ಬೆಂಟ್ಲಿ ಕಾರು.

ಡಬ್ಲ್ಯು.ಒ. ಬೆಂಟ್ಲಿ ತಮ್ಮ ಹೆಸರಿನ ಕಂಪನಿಯನ್ನು ಇಂಗ್ಲೆಂಡಿನಲ್ಲಿ ಸ್ಥಾಪಿಸಿದ್ದು 1919ರಲ್ಲಿ. ನಾಲ್ಕು ವರ್ಷಗಳ ಬಳಿಕ, 1923ರಲ್ಲಿ, ಫ್ರಾನ್ಸಿನ ಲೆ ಮಾನ್ಸ್ ಪಟ್ಟಣದಲ್ಲಿ 24 ಗಂಟೆಗಳ ಕಾರು ಓಟ ಆರಂಭವಾಯಿತು. ವೇಗವೊಂದೇ ಇದ್ದರೆ ಅಲ್ಲಿ ಸಾಲದು. ಹಗಲೂ ರಾತ್ರಿಯೂ ಕೆಡದೆ ಓಡುವ ಕಾರಿಗೇ ಜಯ. ಬೆಂಟ್ಲಿ 1924ರಲ್ಲಿ ಗೆದ್ದಿತು. ಬಳಿಕ 1927ರಿಂದ 1930ರವರೆಗೆ ಸತತ ನಾಲ್ಕು ವರ್ಷ ಗೆದ್ದಿತು. ಈ ಯಶಸ್ಸಿನ ಹಿಂದೆ ನಿಂತಿದ್ದ ಹಣ ವುಲ್ಫ್ ಬಾರ್ನಾಟೊ ಅವರದು. ದಕ್ಷಿಣ ಆಫ್ರಿಕದ ಕಿಂಬರ್ಲಿ ವಜ್ರದ ಗಣಿಗಳಿಂದ ಬಂದ ಸಂಪತ್ತಿನ ವಾರಸುದಾರರಾದ ಅವರು 1926ರಲ್ಲಿ ಕಂಪನಿಯ ಅಧ್ಯಕ್ಷರಾದರು. ಹಣ ಹೂಡಿ ಸುಮ್ಮನೆ ಕೂರದೆ, ತಾವೇ ಚಾಲಕರಾಗಿಯೂ ಇಳಿದರು. ಲೆ ಮಾನ್ಸ್‌ನಲ್ಲಿ ಅವರು ಸ್ಪರ್ಧಿಸಿದ್ದು ಮೂರು ಸಲ. ಗೆದ್ದದ್ದೂ ಮೂರು ಸಲ.

ಆ ಮೂರರಲ್ಲಿ ಕೊನೆಯ ಎರಡು ಗೆಲುವು ‘ಸ್ಪೀಡ್ ಸಿಕ್ಸ್’ ಮಾದರಿಯ ಒಂದೇ ಕಾರಿನಲ್ಲಿ ಬಂದವು. ಆರೂವರೆ ಲೀಟರಿನ, ಆರು ಸಿಲಿಂಡರಿನ ಎಂಜಿನ್ ಅದರದು. 1929ರಲ್ಲಿ ಟಿಮ್ ಬರ್ಕಿನ್ ಬಾರ್ನಾಟೊ ಅವರ ಜೊತೆಗಾರ. ಕಾರಿನ ಮೇಲೆ ಬರೆದಿದ್ದ ಸಂಖ್ಯೆ 1. ಅಂದು ಅದು 2,800 ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿತು. ಅದರ ಹಿಂದೆ ಎರಡನೇ, ಮೂರನೇ, ನಾಲ್ಕನೇ ಸ್ಥಾನಗಳೂ ಬೆಂಟ್ಲಿಗಳಿಗೇ ಸಂದವು. 1930ರಲ್ಲಿ ಗ್ಲೆನ್ ಕಿಡ್‌ಸ್ಟನ್ ಜೊತೆಗೂಡಿ ಮತ್ತೊಂದು ಗೆಲುವು. ಹಾಗೆ ಆ ಕಾರು ‘ಓಲ್ಡ್ ನಂಬರ್ ಒನ್’ ಎಂದು ಹೆಸರಾಯಿತು.

ಆದರೆ ಗೆಲುವು ಕಂಪನಿಯನ್ನು ಉಳಿಸಲಿಲ್ಲ. ಆರ್ಥಿಕ ಮುಗ್ಗಟ್ಟಿನ 1931ರಲ್ಲಿ ಬೆಂಟ್ಲಿ ಕಂಪನಿ ದಿವಾಳಿಯೆದ್ದು ರೋಲ್ಸ್ ರಾಯ್ಸ್ ಪಾಲಾಯಿತು. ಕಾರು ಮಾತ್ರ ಓಡುತ್ತಲೇ ಇತ್ತು. ಅದೇ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ನಡೆದ 500 ಮೈಲಿ ಸ್ಪರ್ಧೆಯನ್ನು ಜಾಕ್ ಡನ್‌ಫೀ ಮತ್ತು ಸಿರಿಲ್ ಪಾಲ್ ಅದರಲ್ಲೇ ಗೆದ್ದರು. 1932ರ ಹೊತ್ತಿಗೆ ಕಾರಿಗೆ ಬೇರೆ ಚಾಸಿ ಬಂದಿತ್ತು, ಎಂಟು ಲೀಟರಿನ ದೊಡ್ಡ ಎಂಜಿನ್ ಕೂತಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ, ಅದೇ ಸ್ಪರ್ಧೆಯಲ್ಲಿ, ಜಾಕ್ ಅವರ ತಮ್ಮ ಕ್ಲೈವ್ ಡನ್‌ಫೀ ಕಾರು ಓಡಿಸುತ್ತಿದ್ದಾಗ ಅದು ಬಾಣಲೆಯ ಅಂಚಿನಂತೆ ಎತ್ತರಿಸಿದ್ದ ಕಾಂಕ್ರೀಟ್ ತಿರುವಿನ ಮೇಲಂಚು ದಾಟಿ ಹೊರಕ್ಕೆ ಹಾರಿತು. ಕ್ಲೈವ್ ಅಲ್ಲೇ ಮೃತಪಟ್ಟರು. ಉಳಿದ ಭಾಗಗಳನ್ನು ಬಳಸಿ ಬಾರ್ನಾಟೊ ಅವರಿಗಾಗಿ ಮುಚ್ಚು ಬಾಡಿಯ ರಸ್ತೆ ಕಾರೊಂದನ್ನು ಕಟ್ಟಲಾಯಿತು. ಅದು ಕೈಯಿಂದ ಕೈಗೆ ದಾಟಿತು, ಜೀರ್ಣೋದ್ಧಾರವಾಯಿತು.

1990ರಲ್ಲಿ ಕಾರಿನ ಮಾಲೀಕರು ಅದನ್ನು ಒಂದು ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳುವ ಕಂಪನಿ ಬಳಿಕ ಹಿಂದೆ ಸರಿಯಿತು. ‘ಇದು ಲೆ ಮಾನ್ಸ್ ಗೆದ್ದ ಕಾರೇ ಅಲ್ಲ’ ಎಂಬುದು ಅದರ ವಾದ.

ನ್ಯಾಯಮೂರ್ತಿ ಆಟನ್ ಅವರ ಮುಂದೆ ಕಾರಿನ ಒಂದೊಂದು ಭಾಗದ ಜಾತಕವೂ ಬಿಚ್ಚಿಕೊಂಡಿತು. 1929ರ ಕಾರಿನದು ಎಂದು ಹೇಳಬಹುದಾದದ್ದು ಬಹುತೇಕ ಏನೂ ಇರಲಿಲ್ಲ. 1930ರ ಕಾರಿನಿಂದ ಉಳಿದಿದ್ದದ್ದು ಪೆಡಲ್‌ನ ದಂಡ, ಗೇರ್‌ಬಾಕ್ಸ್‌ನ ಕವಚ, ಸ್ಟೇರಿಂಗ್‌ನ ಕಂಬ, ಇಷ್ಟೇ. ಚಾಸಿ ಮತ್ತು ಎಂಜಿನ್ 1932ರವು. ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಕೂಡ ಆಮೇಲೆ ಬದಲಾಗಿತ್ತು. ಇಷ್ಟು ಕೇಳಿದ ಯಾರಿಗಾದರೂ ಮಾರಿದವರ ಕತೆ ಮುಗಿಯಿತೆಂದೇ ಅನ್ನಿಸುತ್ತದೆ. ತೀರ್ಪು ಬಂದದ್ದು ಅವರ ಪರವಾಗಿ!

ಇದನ್ನು ಅರ್ಥಮಾಡಿಕೊಳ್ಳಲು ಗ್ರೀಕರ ಹಳೆಯ ಒಗಟೊಂದು ನೆರವಾಗುತ್ತದೆ. ವೀರ ಥೀಸಿಯಸ್‌ನ ಹಡಗನ್ನು ಅಥೆನ್ಸಿನ ಜನ ಕಾಪಾಡಿಕೊಂಡು ಬಂದರು. ಕೊಳೆತ ಹಲಗೆಯನ್ನೆಲ್ಲ ತೆಗೆದು ಹೊಸದನ್ನು ಕೂರಿಸಿದರು. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಥೀಸಿಯಸ್‌ನ ಹಡಗೇ? ಪ್ಲುಟಾರ್ಕ್ ಬರೆದಿಟ್ಟ ಈ ಪ್ರಶ್ನೆಗೆ ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ 17ನೇ ಶತಮಾನದಲ್ಲಿ ಇನ್ನೊಂದು ತೊಡಕು ಸೇರಿಸಿದ: ತೆಗೆದುಹಾಕಿದ ಹಲಗೆಗಳನ್ನೆಲ್ಲ ಒಟ್ಟುಗೂಡಿಸಿ ಯಾರಾದರೂ ಎರಡನೇ ಹಡಗು ಕಟ್ಟಿದರೆ, ಯಾವುದು ನಿಜವಾದದ್ದು?

ಓಲ್ಡ್ ನಂಬರ್ ಒನ್‌ಗೆ ಅಂಥ ಎರಡನೇ ಹಕ್ಕುದಾರ ಇರಲಿಲ್ಲ. ನ್ಯಾಯಾಲಯ ಹಿಡಿದ ಎಳೆ ಇದೇ. ಭಾಗಗಳು ಒಮ್ಮೆಗೇ ಬದಲಾಗಲಿಲ್ಲ. ಓಟದ ಅಗತ್ಯಕ್ಕೆ ತಕ್ಕಂತೆ ಒಂದೊಂದಾಗಿ ಬಂದು ಇಡೀ ಕಾರಿನಲ್ಲಿ ಬೆರೆತುಹೋದವು. ಯಾವ ಹಂತದಲ್ಲೂ ಅದು ತನ್ನ ಗುರುತನ್ನು ಕಳೆದುಕೊಳ್ಳಲಿಲ್ಲ, ಅದರ ಚರಿತ್ರೆಯ ಸರಪಳಿ ಕಡಿಯಲಿಲ್ಲ. ನ್ಯಾಯಮೂರ್ತಿಗಳು ಇಲ್ಲಿ ಎರಡು ಪದಗಳನ್ನು ಬೇರ್ಪಡಿಸಿದರು. ಕಾರು ‘ಜೆನ್ಯೂಯಿನ್’ ಅಲ್ಲ, ಎಂದರೆ ಹುಟ್ಟಿದಾಗಿನ ಲೋಹದ ಅಸಲಿ ವಸ್ತುವಲ್ಲ. ಆದರೆ ಅದು ‘ಅಥೆಂಟಿಕ್’. ಆ ಹೆಸರಿಗೆ ನ್ಯಾಯವಾಗಿ ಹಕ್ಕುಳ್ಳ ಕಾರು ಅದೇ.

ಹಾಗಾದರೆ ಯಾರು ಬೇಕಾದರೂ ಹೊಸ ಕಾರಿಗೆ ಹಳೆಯ ಹೆಸರು ಅಂಟಿಸಬಹುದೇ? ಖಂಡಿತ ಇಲ್ಲ. ಬಾರ್ನಾಟೊ ಅವರ ಇನ್ನೊಂದು ಸ್ಪೀಡ್ ಸಿಕ್ಸ್ ನೋಡಿ. 1930ರ ಮಾರ್ಚ್‌ನಲ್ಲಿ ಅವರು ಫ್ರಾನ್ಸಿನ ‘ಬ್ಲೂ ಟ್ರೇನ್’ ಎಂಬ ವೇಗದ ರೈಲಿನೊಡನೆ ಪಂದ್ಯ ಹೂಡಿ ಗೆದ್ದಿದ್ದರು. ಆ ಗೆಲುವಿನ ಕಾರು ಇದೇ ಎಂದು ಇಳಿಜಾರು ಚಾವಣಿಯ ಸುಂದರ ಬೆಂಟ್ಲಿಯೊಂದನ್ನು ದಶಕಗಳ ಕಾಲ ಜನ ನಂಬಿದ್ದರು, ಚಿತ್ರ ಬರೆದು ಕೊಂಡಾಡಿದ್ದರು. ದಾಖಲೆ ನೋಡಿದರೆ ಆ ಕಾರು ತಯಾರಾಗಿ ಅವರ ಕೈಸೇರಿದ್ದೇ ಮೇ ತಿಂಗಳಲ್ಲಿ! ಪಂದ್ಯದಲ್ಲಿ ಓಡಿದ್ದು ಸಾಧಾರಣ ನೋಟದ ಬೇರೊಂದು ಸಲೂನ್. ರೂಪ ಮನಸ್ಸನ್ನು ಮರುಳು ಮಾಡಿತ್ತು. ನಿಜ ಹೇಳಿದ್ದು ಕಾಗದಪತ್ರ.

ಜೀರ್ಣೋದ್ಧಾರ ಮಾಡುವವರಿಗೆ ಇದರಲ್ಲಿ ಒಂದು ಎಚ್ಚರಿಕೆಯಿದೆ. ಬಳಸಿದ ವಸ್ತು ಸವೆಯುತ್ತದೆ, ಸವೆದದ್ದನ್ನು ಬದಲಿಸಲೇಬೇಕು, ಅದರಲ್ಲಿ ಮೋಸವಿಲ್ಲ. ಬದಲಿಸಿದ್ದನ್ನು ಮುಚ್ಚಿಡುವುದು ಮೋಸ. ಯಾವ ಭಾಗ ಯಾವಾಗ ಬಂತು, ಏಕೆ ಬಂತು, ಹಳೆಯದು ಎಲ್ಲಿ ಹೋಯಿತು ಎಂಬುದನ್ನು ಬರೆದಿಡುವುದೂ ಎಂಜಿನ್ ಬಿಚ್ಚಿ ಜೋಡಿಸುವಷ್ಟೇ ಮುಖ್ಯವಾದ ಕೆಲಸ. ಒಂದು ಕೋಟಿ ಪೌಂಡಿನ ವ್ಯಾಜ್ಯದಲ್ಲಿ ಓಲ್ಡ್ ನಂಬರ್ ಒನ್‌ನ ಹೆಸರನ್ನು ಉಳಿಸಿದ್ದು ಅದರ ಉಕ್ಕಲ್ಲ, ಕಡಿಯದೆ ಬಂದ ಅದರ ಚರಿತ್ರೆ.