ಗೋಡೆಗೆ ಬಡಿದ ಅಲೆ: ಕಣ ವಿಧಾನ ಹೇಳುವ ಒತ್ತಡವನ್ನು ಎಷ್ಟು ನಂಬಬೇಕು?



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಹೈಡ್ರಾಲಿಕ್ಸ್ ಕಲಿಸಿದವರು. ಉತ್ತರದ ಮುಂದೆ ಯೂನಿಟ್ ಬರೆಯದಿದ್ದರೆ ಅಂಕ ಕೊಡುತ್ತಿರಲಿಲ್ಲವಂತೆ. ಅವರ ಸ್ಮರಣೆಯಲ್ಲಿ ಮಾತನಾಡಲು ಕರೆದಿದ್ದೀರಿ, ಋಣಿಯಾಗಿದ್ದೇನೆ.

ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ನೀರನ್ನು ಗ್ರಿಡ್ಡಿನ ಚೌಕಗಳಲ್ಲಿ ಹಿಡಿಯದೆ, ಹರಿವಿನ ಜೊತೆಗೇ ಸಾಗುವ ಕಣಗಳಾಗಿ ಒಡೆದು, ಪ್ರತಿ ಕಣದ ಚಲನೆಯನ್ನು ನೆರೆಯ ಕಣಗಳಿಂದ ಲೆಕ್ಕ ಹಾಕುವುದೇ ಎಸ್‌ಪಿಎಚ್ ವಿಧಾನ. 1977ರಲ್ಲಿ ಲೂಸಿ ಒಂದು ಕಡೆ, ಜಿಂಗೋಲ್ಡ್ ಮತ್ತು ಮೊನಗನ್ ಇನ್ನೊಂದು ಕಡೆ ಖಗೋಳದ ಲೆಕ್ಕಗಳಿಗಾಗಿ ಇದನ್ನು ರೂಪಿಸಿದರು. 1994ರಲ್ಲಿ ಮೊನಗನ್ ಇದನ್ನು ತೆರೆದ ಮೇಲ್ಮೈಯ ನೀರಿಗೆ ತಂದರು. ಒಡೆಯುವ ಅಲೆಗೆ ಇದು ಹೇಳಿ ಮಾಡಿಸಿದ ವಿಧಾನ. ಉಳಿದದ್ದು ಪುಸ್ತಕಗಳಲ್ಲಿದೆ.

ನನ್ನ ತಕರಾರು ಒಂದೇ. ಅಲೆ ಗೋಡೆಗೆ ಬಡಿದಾಗಿನ ಗರಿಷ್ಠ ಒತ್ತಡ ಎಂದು ವರದಿಗಳಲ್ಲಿ ಬರುವ ಸಂಖ್ಯೆ ಎಷ್ಟರ ಮಟ್ಟಿಗೆ ಸಮುದ್ರದ್ದು?

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಅದನ್ನೇ ಇಟ್ಟುಕೊಂಡರೆ ಲೆಕ್ಕದ ಕಾಲಹೆಜ್ಜೆ ತೀರಾ ಚಿಕ್ಕದಾಗಿ ಕಂಪ್ಯೂಟರ್ ಓಡುತ್ತಲೇ ಇರಬೇಕು. ಹಾಗಾಗಿ ಮೊನಗನ್ ಹಾದಿಯವರು ಶಬ್ದವೇಗವನ್ನು ಹರಿವಿನ ಗರಿಷ್ಠ ವೇಗದ ಹತ್ತು ಪಟ್ಟಿಗೆ ಇಳಿಸುತ್ತಾರೆ. ಸಾಂದ್ರತೆಯ ಏರಿಳಿತ ಶೇ 1ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲೆ ಸಾಗುವುದಕ್ಕೆ, ಮಗುಚುವುದಕ್ಕೆ, ಗೋಡೆ ದಾಟಿ ಆಚೆ ಬೀಳುವುದಕ್ಕೆ ಇಷ್ಟು ಸಾಕು. ಬಡಿತಕ್ಕೆ ಸಾಲದು. ಸೆಕೆಂಡಿಗೆ 5 ಮೀಟರ್ ವೇಗದ ಚಪ್ಪಟೆ ನೀರಿನ ಮುಖ ಗೋಡೆಗೆ ನೇರ ಬಡಿಯಿತೆನ್ನಿ. ಮೊದಲ ಕ್ಷಣದ ಒತ್ತಡ ಸಾಂದ್ರತೆ, ಶಬ್ದವೇಗ, ನೀರಿನ ವೇಗ ಈ ಮೂರರ ಗುಣಲಬ್ಧ: 7.5 ಮೆಗಾಪಾಸ್ಕಲ್. ಶಬ್ದವೇಗವನ್ನು ಸೆಕೆಂಡಿಗೆ 50 ಮೀಟರಿಗೆ ಇಳಿಸಿದರೆ ಅದೇ ಒತ್ತಡ 0.25 ಮೆಗಾಪಾಸ್ಕಲ್. ಮೂವತ್ತು ಪಟ್ಟು ವ್ಯತ್ಯಾಸ, ಅಲೆ ಮಾತ್ರ ಅದೇ!

ಎದುರು ಪಾಳೆಯದವರು, ಅಂದರೆ 1999ರ ಕಮಿನ್ಸ್–ರಡ್‌ಮನ್ ಲೇಖನದಿಂದ ಹೊರಟು ನೀರು ಕುಗ್ಗುವುದೇ ಇಲ್ಲವೆಂದು ಲೆಕ್ಕ ಹಾಕುವವರು, ‘ನಮ್ಮ ಒತ್ತಡದ ಗೆರೆ ನಯ’ ಎನ್ನುತ್ತಾರೆ. ನಯವೇನೋ ಹೌದು. ಆದರೆ ಕುಗ್ಗದ ನೀರಿನಲ್ಲಿ ಇಂಥ ಬಡಿತ ಒಂದೇ ಕಾಲಹೆಜ್ಜೆಯಲ್ಲಿ ಮುಗಿದುಹೋಗುತ್ತದೆ. ಹೆಜ್ಜೆಯನ್ನು ಅರ್ಧಕ್ಕಿಳಿಸಿ, ಶಿಖರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೆಜ್ಜೆಯೊಂದಿಗೆ ಬದಲಾಗುವ ಸಂಖ್ಯೆಯನ್ನು ಫಲಿತಾಂಶ ಎನ್ನಲು ನಾನು ಸಿದ್ಧನಿಲ್ಲ.

ಎರಡೂ ಪಾಳೆಯದವರು ಬಹಳ ಸಲ ಗಾಳಿಯನ್ನು ಮರೆಯುತ್ತಾರೆ. ಅಲೆಯ ಮುಖಕ್ಕೂ ಗೋಡೆಗೂ ನಡುವೆ ಸಿಕ್ಕಿಬಿದ್ದ ತೆಳು ಗಾಳಿಪದರದ ಮಹತ್ವವನ್ನು ಬ್ಯಾಗ್ನೋಲ್ಡ್ 1939ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ನೀರಿನಲ್ಲಿ ಶೇ 1ರಷ್ಟು ಗುಳ್ಳೆಗಳಿದ್ದರೂ ಶಬ್ದವೇಗ ಸೆಕೆಂಡಿಗೆ ಸುಮಾರು 100 ಮೀಟರಿಗೆ ಕುಸಿಯುತ್ತದೆ. ‘ಹಾಗಾದರೆ ನಮ್ಮ 50 ಸರಿಯೇ ಆಯಿತಲ್ಲ’ ಎನ್ನುವ ಜಾಣರಿದ್ದಾರೆ. ಅವರ 50 ಗುಳ್ಳೆಗಳನ್ನು ಅಳೆದು ಬಂದದ್ದಲ್ಲ, ಕಂಪ್ಯೂಟರಿನ ಸಮಯ ಉಳಿಸಲು ಬಂದದ್ದು. ಕಾಕತಾಳೀಯಕ್ಕೆ ಭೌತಶಾಸ್ತ್ರದ ಪಟ್ಟ ಕಟ್ಟಬಾರದು.

ಹಾಗಿದ್ದರೆ ಯಾವುದನ್ನು ನಂಬೋಣ? ಕುಕರ್ ಮತ್ತು ಪೆರೆಗ್ರಿನ್ 1995ರಲ್ಲಿ ವಿಸ್ತರಿಸಿ ಬರೆದ ಒತ್ತಡದ ಆವೇಗವನ್ನು, ಎಂದರೆ ಒತ್ತಡ–ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣವನ್ನು. ನಾನು ಓಡಿಸಿದ ಲೆಕ್ಕಗಳಲ್ಲಿ ಶಬ್ದವೇಗ ಬದಲಿಸಿದಾಗೆಲ್ಲ ಶಿಖರ ಕುಣಿಯಿತು, ಆವೇಗ ಅಷ್ಟಾಗಿ ಕದಲಲಿಲ್ಲ. ಭಾರೀ ಕಾಂಕ್ರೀಟ್ ಗೋಡೆ ಜಾರುತ್ತದೋ ಇಲ್ಲವೋ ಎಂಬುದನ್ನು ಮಿಲಿಸೆಕೆಂಡಿನ ಶಿಖರಕ್ಕಿಂತ ಆವೇಗವೇ ಹೆಚ್ಚು ನಿರ್ಧರಿಸುತ್ತದೆ. ಬಿರುಕಿನೊಳಗೆ ನುಗ್ಗುವ ಒತ್ತಡಕ್ಕೆ ಶಿಖರವೂ ಬೇಕು, ಒಪ್ಪುತ್ತೇನೆ. ಅದಕ್ಕೆ ಗಾಳಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು, ತೊಟ್ಟಿಯಲ್ಲಿ ಅಳೆಯಲೂ ಬೇಕು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ 50 ಮೀಟರ್ ಉದ್ದದ ಅಲೆತೊಟ್ಟಿ ಇದೆ.

ಉಳ್ಳಾಲದಂಥ ಕಡಲ್ಕೊರೆತದ ತೀರಗಳಿಗೆ ಗೋಡೆ ವಿನ್ಯಾಸ ಮಾಡುವ ಎಂಜಿನಿಯರುಗಳಲ್ಲಿ ನನ್ನ ಕೋರಿಕೆ ಇಷ್ಟು. ಕಣ ವಿಧಾನದ ವರದಿ ಮೇಜಿಗೆ ಬಂದಾಗ ಒತ್ತಡದ ಸಂಖ್ಯೆಯ ಪಕ್ಕದಲ್ಲಿ ಕಣಗಳ ಅಂತರ, ಬಳಸಿದ ಶಬ್ದವೇಗ, ಕಾಲಹೆಜ್ಜೆ, ಆವೇಗ ಈ ನಾಲ್ಕೂ ಇವೆಯೇ ನೋಡಿ. ಇಲ್ಲದಿದ್ದರೆ ಸಹಿ ಹಾಕದೆ ವಾಪಸ್ ಕಳಿಸಿ.