ಪೇಂಟ್ ಕೆಳಗೆ ಏನಿದೆ? ಹಳೇ ಕ್ಯಾಂಪರ್ ವ್ಯಾನಿನ ತುಕ್ಕಿನ ಜೊತೆ ಎರಡು ವರ್ಷ

(ಈ ವಾರದ ಸಂಚಿಕೆಯ ಬರಹ ರೂಪ)

ನಾನು ಕುಮಟಾದವಳು. ಹನ್ನೆರಡು ವರ್ಷದಿಂದ ವೇಲ್ಸ್‌ನ ಸ್ವಾನ್‌ಸೀಯಲ್ಲಿ ಇದ್ದೀನಿ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯೋದು ನನ್ನ ಕೆಲಸ. ವಾರಾಂತ್ಯದಲ್ಲಿ ಮಾತ್ರ ಮನೆ ಪಕ್ಕದ ಶೆಡ್‌ನಲ್ಲಿ, 1974ರ ಒಂದು ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನಿನ ಕೆಳಗೆ ಮಲಗಿರ್ತೀನಿ.

ಈ ವ್ಯಾನನ್ನ ನೀವೆಲ್ಲ ನೋಡಿರ್ತೀರಿ. ನಿಜವಾದ್ದನ್ನ ನೋಡಿಲ್ಲದಿದ್ರೂ ಟಿ-ಶರ್ಟ್ ಮೇಲೆ, ಕೀ ಚೈನ್‌ನಲ್ಲಿ, ಗೋವಾದ ಕೆಫೆ ಗೋಡೆ ಮೇಲೆ. ದುಂಡು ಮೂತಿ, ಮುಂದೆ ದೊಡ್ಡದಾಗಿ ವಿ ಮತ್ತು ಡಬ್ಲ್ಯು ಅಕ್ಷರ. ಬೆನ್ ಪಾನ್ ಅನ್ನೋ ಡಚ್ ಕಾರು ವ್ಯಾಪಾರಿ 1947ರಲ್ಲಿ ತನ್ನ ನೋಟ್‌ಬುಕ್‌ನಲ್ಲಿ ಗೀಚಿದ ಒಂದು ಡಬ್ಬಿಯಂಥ ಚಿತ್ರದಿಂದ ಇದು ಹುಟ್ಟಿತು. 1950ರಲ್ಲಿ ಜರ್ಮನಿಯಲ್ಲಿ ತಯಾರಿ ಶುರುವಾಯ್ತು. 1967ರಲ್ಲಿ ಮುಂದಿನ ಎರಡು ತುಂಡು ಗಾಜು ಹೋಗಿ ಒಂದೇ ಅಗಲದ ಗಾಜು ಬಂತು. ಅದಕ್ಕೇ ಇವನ್ನ ‘ಬೇ ವಿಂಡೋ’ ಅಂತಾರೆ. ನನ್ನದು ಅದೇ. ಬ್ರೆಜಿಲ್‌ನಲ್ಲಂತೂ ಇದರ ಸಂತಾನ 2013ರವರೆಗೂ ಫ್ಯಾಕ್ಟರಿಯಿಂದ ಹೊರಬರ್ತಾನೇ ಇತ್ತು.

ಇತಿಹಾಸ ಇಷ್ಟು ಸಾಕು. ನಾನು ಮಾತಾಡೋಕೆ ಬಂದಿರೋದು ತುಕ್ಕಿನ ಬಗ್ಗೆ.

ಮೊಬೈಲ್‌ನಲ್ಲಿ ಹಳೇ ಗಾಡಿ ರಿಪೇರಿ ರೀಲ್‌ಗಳು ಬರ್ತಾವಲ್ಲ, ಅರವತ್ತು ಸೆಕೆಂಡಿನವು. ಮೊದಲು ಕೊಳೆತ ಗಾಡಿ, ಆಮೇಲೆ ಗ್ರೈಂಡರ್ ಕಿಡಿ, ಆಮೇಲೆ ಹೊಳೆಯೋ ಪೇಂಟ್. ನಾನೂ ಬಾಯಿ ಬಿಟ್ಕೊಂಡು ನೋಡ್ತೀನಿ. ಆದ್ರೆ ಅದರಲ್ಲಿ ಬಿಟ್ಟುಹೋಗೋದು ಒಂದೇ ಒಂದು ಕೆಲಸ, ಮತ್ತು ರಿಪೇರಿ ಅಂದ್ರೆ ಹೆಚ್ಚುಕಮ್ಮಿ ಅದೇ ಕೆಲಸ: ಗಟ್ಟಿ ತಗಡು ಸಿಗೋವರೆಗೆ ಕತ್ತರಿಸೋದು. ಪೇಂಟ್ ಮೇಲೆ ಕಡಲೆಕಾಳಿನಷ್ಟು ಗುಳ್ಳೆ ಕಂಡ್ರೆ ಒಳಗೆ ಅಂಗೈಯಗಲ ಹೋಗಿರುತ್ತೆ. ಯಾಕೆ ಅಂದ್ರೆ ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತೆ. ಒಳಗಿಂದ ಉಬ್ಬಿ ಉಬ್ಬಿ ಕೊನೆಗೆ ಪೇಂಟನ್ನ ಎತ್ತುತ್ತೆ. ನಮ್ಮ ಕಣ್ಣಿಗೆ ಗುಳ್ಳೆ ಬೀಳೋ ಹೊತ್ತಿಗೆ ಒಳಗಿನ ಕಥೆ ಮುಗಿಯೋಕೆ ಬಂದಿರುತ್ತೆ.

ಕರಾವಳಿಯವರಿಗೆ ಇದನ್ನ ವಿವರಿಸಿ ಹೇಳೋದೇ ಬೇಡ. ಹೆದ್ದಾರಿ 66ರಲ್ಲಿ ಮೀನಿನ ಲಾರಿ ಹಿಂದೆ ಬೈಕಲ್ಲಿ ಹೋಗಿದ್ರೆ ಗೊತ್ತು, ಉಪ್ಪುನೀರು ಸೋರ್ತಾ ಹೋಗುತ್ತೆ, ಆ ಲಾರಿಗಳ ಕೆಳಭಾಗ ಜರಡಿ ಆಗಿರುತ್ತೆ. ಇಲ್ಲಿ ಬ್ರಿಟನ್‌ನಲ್ಲಿ ಚಳಿಗಾಲಕ್ಕೆ ರಸ್ತೆ ಮೇಲಿನ ಮಂಜುಗಡ್ಡೆ ಕರಗಲಿ ಅಂತ ಉಪ್ಪೇ ಚೆಲ್ತಾರೆ. ಕುಮಟಾ ಬಿಟ್ಟು ಸುಮಾರು ಎಂಟು ಸಾವಿರ ಕಿಲೋಮೀಟರ್ ಬಂದ್ರೂ ಶತ್ರು ಅದೇ.

ವ್ಯಾನ್ ಕೊಳ್ಳೋಕೆ ಹೋದಾಗ ಫ್ರಿಜ್ ಮೇಲೆ ಅಂಟಿಸೋ ಸಣ್ಣ ಅಯಸ್ಕಾಂತ ಜೇಬಲ್ಲಿತ್ತು. ತಗಡಿಗೆ ಅಂಟುತ್ತೆ, ಪುಟ್ಟಿಗೆ ಅಂಟಲ್ಲ. ಹಿಂದಿನ ಚಕ್ರದ ಮೇಲಿನ ಕಮಾನಿನಲ್ಲಿ ಅದು ಜಾರಿ ನೆಲಕ್ಕೇ ಬಿತ್ತು. ಹಿಂದೆ ಯಾರೋ ಗ್ಯಾರೇಜಿನವರು ತೂತಿನೊಳಗೆ ತಂತಿ ಜಾಲರಿ ತುರುಕಿ, ಮೇಲೆ ಬೆರಳುದಪ್ಪ ಪುಟ್ಟಿ ಮೆತ್ತಿ, ಚೆಂದಕ್ಕೆ ಉಜ್ಜಿ, ಪೇಂಟ್ ಹೊಡೆದಿದ್ರು. ಕೈಗೆ ನುಣುಪು, ಕಣ್ಣಿಗೆ ಹಬ್ಬ. ನಾನು ಅದನ್ನ ತೋರಿಸಿದೆ, ಬೆಲೆ ಅರ್ಧ ಆಯ್ತು, ವ್ಯಾನ್ ಮನೆಗೆ ಬಂತು.

ಪುಟ್ಟಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಗಟ್ಟಿ ತಗಡಿನ ಮೇಲೆ ಒಂದೆರಡು ಮಿಲಿಮೀಟರ್ ತಗ್ಗು ತುಂಬೋಕೆ ಅದು ಬೇಕು. ತಗಡೇ ಇಲ್ಲದ ಕಡೆ ತಗಡಿನ ವೇಷ ಹಾಕಿಸಿದ್ರೆ ಮಾತ್ರ ಅದು ಮೋಸ. ಈ ವ್ಯಾನಲ್ಲಿ ಹಿಂದಿನ ಸೀಟಿನ ಬೆಲ್ಟ್ ಬಿಗಿದಿರೋದು ಅದೇ ಕಮಾನಿನ ಪಕ್ಕ. ಆ ಸೀಟಲ್ಲಿ ಕೂರೋಳು ನನ್ನ ಒಂಬತ್ತು ವರ್ಷದ ಮಗಳು. ಬ್ರೇಕ್ ಹೊಡೆದಾಗ ಆ ಬೋಲ್ಟ್ ಯಾವುದನ್ನ ಹಿಡ್ಕೊಂಡಿರಬೇಕು? ಪುಟ್ಟಿಯನ್ನಾ?

ಇನ್ನೊಂದು ವಿಷಯ. ಬ್ರಿಟನ್‌ನಲ್ಲಿ ಗಾಡಿಗಳಿಗೆ ಪ್ರತಿ ವರ್ಷ ಎಂಒಟಿ ಅನ್ನೋ ಪರೀಕ್ಷೆ ಇದೆ, ನಮ್ಮ ಎಫ್‌ಸಿ ಥರ. ಆದ್ರೆ 2018ರಿಂದ, 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಹಳೇ ಗಾಡಿಗೆ ಅದರಿಂದ ವಿನಾಯಿತಿ. ಅಂದ್ರೆ ನನ್ನ ವ್ಯಾನನ್ನ ಕಾನೂನು ಪ್ರಕಾರ ಯಾರೂ ತೆಗೆದು ನೋಡಬೇಕಾಗಿಲ್ಲ. ಸುಸ್ಥಿತಿಯಲ್ಲಿ ಇಟ್ಕೊಳ್ಳೋ ಹೊಣೆ ಮಾತ್ರ ಪೂರ್ತಿ ಮಾಲೀಕರದ್ದು. ಹಲವರಿಗೆ ಇದು ಖುಷಿ ಸುದ್ದಿ. ನನಗೆ ಯಾಕೋ ಭಯ ಆಯ್ತು. ಅದಕ್ಕೆ ಕೆಲಸ ಮುಗಿದ ಮೇಲೆ ನಾನಾಗೇ ಪರೀಕ್ಷೆಗೆ ಒಯ್ಯೋದು ಅಂತ ಮೊದಲೇ ತೀರ್ಮಾನ ಮಾಡಿ, ಅದರ ನಿಯಮ ಓದಿಕೊಂಡೇ ಶುರು ಮಾಡಿದೆ. ಸೀಟ್ ಬೆಲ್ಟ್, ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್ ಇವೆಲ್ಲ ಬಿಗಿದಿರೋ ಜಾಗದ ಸುತ್ತ 30 ಸೆಂಟಿಮೀಟರ್ ಒಳಗೆ ತುಕ್ಕಿನಿಂದ ಬಲ ಕುಂದಿರಬಾರದು. ಅಲ್ಲಿ ತೇಪೆ ಹಾಕಿದ್ರೆ ಅಂಚಿನ ಸುತ್ತ ಪೂರ್ತಿ ವೆಲ್ಡ್ ಆಗಿರಬೇಕು, ಅಲ್ಲೊಂದು ಇಲ್ಲೊಂದು ಚುಕ್ಕಿ ಸಾಲದು. ಈ ನಿಯಮ ನನಗೆ ನಕ್ಷೆ ಥರ ಕೆಲಸ ಮಾಡಿತು. ಎಲ್ಲಿ ಚೆಂದ ಬೇಕು, ಎಲ್ಲಿ ಬಲ ಬೇಕು ಅಂತ ವ್ಯಾನಿನ ಮೈಮೇಲೆ ಚಾಕ್‌ಪೀಸಲ್ಲಿ ಗೆರೆ ಎಳೆದುಬಿಟ್ಟೆ.

ಈಗ ಸಿಲ್. ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡೋ ಪಟ್ಟಿ ಇದೆಯಲ್ಲ, ಅದು. ಹೊರಗಿಂದ ಒಂದೇ ತಗಡು ಅನ್ಸುತ್ತೆ. ಬೇ ವಿಂಡೋದಲ್ಲಿ ಅದು ಮೂರು ಪದರ: ಹೊರಗಿನದು, ನಡುವಿನದು, ಒಳಗಿನದು. ಮೂರೂ ಸೇರಿ ಟೊಳ್ಳು ಪೆಟ್ಟಿಗೆ. ವ್ಯಾನ್ ಬಗ್ಗದ ಹಾಗೆ ಹಿಡಿಯೋದು ಆ ಪೆಟ್ಟಿಗೆಯೇ. ನೀರು ಹೊರಗೆ ಹೋಗಲಿ ಅಂತ ಕೆಳಗೆ ತೂತು ಇರ್ತವೆ, ಐವತ್ತು ವರ್ಷದ ಕೆಸರು ಸೇರಿ ಅವು ಮುಚ್ಚಿಹೋಗಿರ್ತವೆ. ಕಿಟಕಿ ರಬ್ಬರ್ ಒಣಗಿ ಬಿರುಕು ಬಿಟ್ಟು ಮಳೆನೀರು ಗೋಡೆಯೊಳಗೆ ಇಳಿಯುತ್ತೆ. ಕ್ಯಾಂಪರ್ ಅಂದ್ಮೇಲೆ ಒಳಗೆ ಅಡುಗೆ, ಒಳಗೇ ನಿದ್ದೆ, ಆ ಹಬೆ ತಣ್ಣನೆ ತಗಡಿಗೆ ತಾಗಿ ಹನಿಯಾಗಿ ಅದೂ ಕೆಳಗೇ ಇಳಿಯುತ್ತೆ. ಎಲ್ಲ ನೀರಿಗೂ ಕೊನೇ ಸ್ಟಾಪ್ ಸಿಲ್.

ನನ್ನ ವ್ಯಾನಲ್ಲಿ ಹೊರಪದರ ಹೊಸದಾಗಿತ್ತು. ಯಾರೋ ಹಳೇದರ ಮೇಲೇ ಹೊಸದನ್ನ ಮುಚ್ಚಿದ್ರು. ಅದನ್ನ ಕತ್ತರಿಸಿ ತೆಗೆದಾಗ ನಡುವಿನ ಪದರ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಎರಡು ಬಕೆಟ್ ತುಕ್ಕಿನ ಪುಡಿ ಗುಡಿಸಿದ್ದೀನಿ.

ಕುಮಟಾದಲ್ಲಿ ನಮ್ಮ ಮಾವನದ್ದು ಟಿಂಕರಿಂಗ್ ಗ್ಯಾರೇಜ್, ಮೂವತ್ತೈದು ವರ್ಷದಿಂದ. ವಿಡಿಯೋ ಕಾಲ್ ಮಾಡಿ ಕ್ಯಾಮೆರಾನ ಆ ತೂತಿನ ಹತ್ತಿರ ಹಿಡಿದೆ. ಸುತ್ತಿಗೆಯಲ್ಲಿ ತಟ್ಟು ಅಂದ್ರು. ತಟ್ಟಿದೆ. ‘ಇಲ್ಲಿ ಇನ್ನೂ ಸದ್ದು ಮೆತ್ತಗಿದ್ಯಲೇ ತಂಗೀ, ಮುಂದೆ ಹೋಗು.’ ಹೀಗೇ ತಟ್ಟುತ್ತಾ ತಟ್ಟುತ್ತಾ ಹೋದ್ವಿ. ಗಟ್ಟಿ ತಗಡು ಟಣ್ ಅನ್ನುತ್ತೆ, ಕೊಳೆತದ್ದು ದಪ್ ಅನ್ನುತ್ತೆ. ಫೋನಿನ ಮೈಕ್‌ನಲ್ಲೂ ಅವರಿಗೆ ಆ ವ್ಯತ್ಯಾಸ ಕೇಳ್ತಿತ್ತು. ಅವರು ‘ಸಾಕು’ ಅಂದ ಜಾಗ, ನಾನು ಅಂದುಕೊಂಡಿದ್ದಕ್ಕಿಂತ ಒಂದು ಗೇಣು ಮುಂದಿತ್ತು.

ಕತ್ತರಿಸೋ ಮುಂಚೆ ಒಂದು ಮಾತು ನೆನಪಿಡಿ. ಸಿಲ್ ತೆಗೆದ ತಕ್ಷಣ ವ್ಯಾನಿನ ಮೈ ಕುಸಿಯೋಕೆ ನೋಡುತ್ತೆ. ಒಂದೆರಡು ಮಿಲಿಮೀಟರ್ ಸರಿದು, ಹಾಗೇ ಹೊಸ ಸಿಲ್ ವೆಲ್ಡ್ ಮಾಡಿಬಿಟ್ರೆ ಜಾರುಬಾಗಿಲು ಜನ್ಮದಲ್ಲಿ ಸರಿ ಮುಚ್ಚಲ್ಲ. ಅದಕ್ಕೆ ಬಾಗಿಲ ಚೌಕಟ್ಟಿನೊಳಗೆ ಕಬ್ಬಿಣದ ಚೌಕ ಪೈಪ್ ಅಡ್ಡಕ್ಕೆ ತಾತ್ಕಾಲಿಕವಾಗಿ ವೆಲ್ಡ್ ಮಾಡ್ಬೇಕು. ವ್ಯಾನ್ ಸಮತಟ್ಟಾಗಿ, ಚಾಸಿಯ ಗಟ್ಟಿ ತೊಲೆಗಳ ಕೆಳಗೆ ಸ್ಟ್ಯಾಂಡ್ ಕೊಟ್ಟು ನಿಂತಿರಬೇಕು. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕೋದು ಬೇಡವೇ ಬೇಡ. ಇಂಥ ವ್ಯಾನಲ್ಲಿ ಜಾಕ್ ಹಾಕೋ ಜಾಗವೇ ಕೊಳೆತಿರುತ್ತೆ. ಮತ್ತೆ ಒಂದು ಸಲಕ್ಕೆ ಒಂದೇ ಬದಿ. ಎರಡೂ ಬದಿ ಒಟ್ಟಿಗೆ ಬಿಚ್ಚಿದವರ ಫೋಟೋಗಳನ್ನ ನೋಡಿದ್ದೀನಿ, ಪಾಪ.

ವೆಲ್ಡಿಂಗ್ ನಾನು ಕಲಿತದ್ದು ಇಲ್ಲಿನ ಕಾಲೇಜಿನ ಸಂಜೆ ತರಗತಿಯಲ್ಲಿ. ನಮ್ಮ ಕಡೆ ಕಿಟಕಿ ಗ್ರಿಲ್ ಮಾಡೋರ ಹತ್ತಿರ ಇರೋ ಆರ್ಕ್ ವೆಲ್ಡಿಂಗ್ ಈ ತೆಳು ತಗಡಿಗೆ ಆಗಲ್ಲ, ಸುಟ್ಟು ತೂತಾಗುತ್ತೆ. ಮಿಗ್ ವೆಲ್ಡರ್ ಬೇಕು, 0.6 ಮಿಲಿಮೀಟರ್ ತಂತಿ, ಜೊತೆಗೆ ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆಸಿದ ಗ್ಯಾಸ್. ಒಂದೇ ಸಮನೆ ಗೆರೆ ಎಳೆದ್ರೆ ಬಿಸಿಗೆ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಹಾಗಾಗಿ ಒಂದು ಚುಕ್ಕಿ ಈ ತುದಿಗೆ, ಒಂದು ಆ ತುದಿಗೆ, ಒಂದು ನಡುವೆ. ಕೈಯಲ್ಲಿ ಮುಟ್ಟುವಷ್ಟು ತಣಿಯೋವರೆಗೆ ಕಾಯೋದು. ಮತ್ತೆ ಚುಕ್ಕಿ. ಕೊನೆಗೆ ಚುಕ್ಕಿಗಳೆಲ್ಲ ಕೂಡಿ ಒಂದೇ ಗೆರೆ ಆಗ್ಬೇಕು, ರಂಗೋಲಿ ಚುಕ್ಕಿ ಸೇರಿಸಿದ ಹಾಗೆ. ಅರ್ಧ ಮೀಟರ್ ವೆಲ್ಡ್‌ಗೆ ಒಂದಿಡೀ ಮಧ್ಯಾಹ್ನ. ರೀಲ್‌ನಲ್ಲಿ ಇದಕ್ಕೆ ಎರಡು ಸೆಕೆಂಡು.

ಬೆಂಕಿ ಬಗ್ಗೆ ಸ್ವಲ್ಪ ಗಂಭೀರವಾಗಿ ಕೇಳಿ. ಕ್ಯಾಂಪರ್ ಅಂದ್ರೆ ಪರದೆ, ಫೋಮ್ ಹಾಸಿಗೆ, ಪ್ಲೈವುಡ್, ಗ್ಯಾಸ್ ಸಿಲಿಂಡರ್, ಪೆಟ್ರೋಲ್ ಟ್ಯಾಂಕ್ ಎಲ್ಲ ಒಂದೇ ಡಬ್ಬಿಯಲ್ಲಿ. ಮೊದಲ ಕಿಡಿಗೂ ಮುಂಚೆ ಎಲ್ಲಾ ಹೊರಗೆ. ಟ್ಯಾಂಕ್ ಕೂಡ. ಖಾಲಿ ಟ್ಯಾಂಕ್ ಅಂತ ಸಸಾರ ಬೇಡ, ಅದರೊಳಗಿನ ಆವಿಯೇ ಹೆಚ್ಚು ಅಪಾಯ. ಬ್ಯಾಟರಿ ತಂತಿ ಬಿಚ್ಚಿ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿದ ಜಾಗಕ್ಕೆ ವೆಲ್ಡ್ ಹಾಕಲೇಬೇಡಿ. ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಇರೋ ದ್ರಾವಣ ಇರುತ್ತೆ, ಆ ಬಿಸಿಗೆ ಅದು ಫಾಸ್ಜೀನ್ ಅನ್ನೋ ವಿಷಾನಿಲ ಆಗಬಹುದು. ಹಳೇ ಪೇಂಟಿನಲ್ಲಿ ಸೀಸ ಇರಬಹುದು, ಅದಕ್ಕೆ ಒಣಗಿದ್ದನ್ನ ಉಜ್ಜದೆ ನೀರು ಹಾಕಿ ಉಜ್ಜೋದು, ಮುಖಕ್ಕೆ ಸರಿಯಾದ ಮಾಸ್ಕ್. ವೆಲ್ಡಿಂಗ್ ನಿಲ್ಲಿಸಿದ ಮೇಲೆ ನಾನು ಅರ್ಧ ಗಂಟೆ ಅಲ್ಲೇ ಕೂತು ಚಹಾ ಕುಡೀತೀನಿ, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್. ಕಿಡಿ ಟೊಳ್ಳೊಳಗೆ ಬಿದ್ದು ತಡವಾಗಿ ಹೊತ್ತಿಕೊಳ್ಳುತ್ತೆ.

ಎಲ್ಲರೂ ಕೇಳೋ ಪ್ರಶ್ನೆ: ತುಕ್ಕನ್ನ ಕಪ್ಪು ಮಾಡೋ ಆ್ಯಸಿಡ್ ದ್ರಾವಣ ಬರುತ್ತಲ್ಲ, ಅದನ್ನ ಹಚ್ಚಿದ್ರೆ ಸಾಕಲ್ವಾ? ಮೇಲ್ಮೈ ತುಕ್ಕಿಗೆ ಸಾಕು. ತಂತಿ ಬ್ರಷ್‌ನಲ್ಲಿ ಉಜ್ಜಿದಾಗ ಕೆಳಗೆ ಗಟ್ಟಿ ಲೋಹ ಕಂಡ್ರೆ ಫಾಸ್ಫರಿಕ್ ಆ್ಯಸಿಡ್ ಇರೋ ದ್ರಾವಣ ಒಳ್ಳೇ ಕೆಲಸ ಮಾಡುತ್ತೆ. ಹಾಳೆ ಹಾಳೆಯಾಗಿ ಏಳ್ತಿದ್ರೆ ಯಾವ ಬಾಟಲಿಯೂ ಹೋದ ತಗಡನ್ನ ವಾಪಸ್ ತರಲ್ಲ.

ಎಡಬದಿ ಸಿಲ್‌ಗೆ ನನಗೆ ಹನ್ನೊಂದು ವಾರಾಂತ್ಯ ಹಿಡೀತು. ಹಿಂದಿನ ಕಮಾನುಗಳಿಗೆ ಏಳು. ಪದರಗಳು ಕೂಡೋ ಕಡೆ ಸತುವಿನ ಪ್ರೈಮರ್, ಹೊರಗಿನ ಕೀಲುಗಳಿಗೆ ಸೀಲರ್, ಅದರ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಪೇಂಟ್. ಪೇಂಟ್ ಆದ ಮೇಲೆ ಕೊನೇ ಕೆಲಸವೇ ಮುಖ್ಯ: ಉದ್ದ ನಳಿಗೆಯಿಂದ ಆ ಟೊಳ್ಳಿನೊಳಗೆ ಮೇಣ ಸಿಂಪಡಿಸೋದು, ನೀರು ಹೋಗೋ ತೂತು ಮುಚ್ಚದ ಹಾಗೆ. ಕೆಳಗೆ ಬಟ್ಟೆ ಹಾಸಿಡಿ, ಎರಡು ದಿನ ತೊಟ್ಟಿಕ್ತಾ ಇರುತ್ತೆ.

ಮಗಳಿಗೆ ಮೇಣ, ಪ್ರೈಮರ್ ಯಾವುದೂ ಬೇಡ, ಅವಳಿಗೆ ಬೇಕಿರೋದು ಬಣ್ಣ. ಕಿತ್ತಳೆ ಅಂತ ಹಟ ಹಿಡಿದಿದ್ದಾಳೆ. ‘ಅಮ್ಮ, ಯಾವಾಗ ಹೋಗೋದು’ ಅಂತ ಪ್ರತಿ ಶನಿವಾರ ಕೇಳ್ತಾಳೆ. ಅವಳ ಸೀಟಿನ ಬೋಲ್ಟ್ ಕೂರೋ ಜಾಗಕ್ಕೆ ದಪ್ಪ ಪ್ಲೇಟ್ ಹಿಂದಿನಿಂದ ಕೂರಿಸಿ, ಸುತ್ತ ಪೂರ್ತಿ ವೆಲ್ಡ್ ಹಾಕಿದ ದಿನ ಅವಳನ್ನೂ ಕರೆದು, ಪೇಂಟ್ ಮಾಡೋ ಮುಂಚೆ ಬರಿ ಲೋಹವನ್ನ ತೋರಿಸಿದೆ. ಪೆನ್ನಿನಲ್ಲಿ ಅದರ ಮೇಲೆ ತನ್ನ ಹೆಸರು ಬರೆದಳು. ಈಗ ಅದು ಪ್ರೈಮರ್ ಕೆಳಗಿದೆ.

ಬಲಬದಿ ಸಿಲ್ ಇನ್ನೂ ಬಾಕಿ. ಮುಂದಿನ ಗಾಜಿನ ಚೌಕಟ್ಟಿನ ಕೆಳಗೆ ಒಂದು ಸಣ್ಣ ಗುಳ್ಳೆ ಇದೆ, ಅದನ್ನ ನೋಡಿಯೂ ನೋಡದ ಹಾಗೆ ಓಡಾಡ್ತಿದ್ದೀನಿ. ಬೇಸಿಗೆಯಲ್ಲಿ ಗಾಜು ತೆಗೆದಾಗ ಗೊತ್ತಾಗುತ್ತೆ.

ನಿಮ್ಮಲ್ಲಿ ಬಹಳ ಜನರ ಹತ್ತಿರ ಕ್ಯಾಂಪರ್ ಇರಲ್ಲ, ಗೊತ್ತು. ಅಪ್ಪನ ಓಮ್ನಿ ಇರಬಹುದು, ಅಜ್ಜನ ಅಂಬಾಸಿಡರ್ ಇರಬಹುದು, ಹಳೇ ಸ್ಕೂಟರ್ ಇರಬಹುದು. ಮಳೆಗಾಲ ಶುರುವಾಗೋ ಮುಂಚೆ ಒಂದು ಭಾನುವಾರ, ಬಾಗಿಲುಗಳ ಕೆಳ ಅಂಚಲ್ಲಿ, ಸಿಲ್ ಕೆಳಗೆ ನೀರು ಹೋಗೋ ತೂತುಗಳನ್ನ ಹುಡುಕಿ, ಊದುಬತ್ತಿ ಕಡ್ಡಿಯಲ್ಲಿ ಕೆಸರು ಕೆದಕಿ. ಫುಟ್‌ಬೋರ್ಡಿನ ಮ್ಯಾಟ್ ಎತ್ತಿ ಒಣಗಿಸಿ. ಅಲ್ಲಿಂದ ನೀರು ಸುರಿದ್ರೆ ಫೋಟೋ ಕಳಿಸಿ, ಮಾವನಿಗೂ ತೋರಿಸ್ತೀನಿ.